ಅಂಡರ್‌ವೋಲ್ಟೇಜ್: ನೆಟ್‌ವರ್ಕ್ ತೊಂದರೆಯಂತೆ ಕಾಣುವ ಕರೆಂಟ್ ತೊಂದರೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಬೋರ್ಡಿಗೆ ಬರುವ 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಅದು ಅಂಡರ್‌ವೋಲ್ಟೇಜ್. ಹಾಗೆಂದು ಬೋರ್ಡ್ ಆಫ್ ಆಗುವುದಿಲ್ಲ. ಪ್ರೊಸೆಸರ್ ವೇಗ ತಗ್ಗಿಸಿಕೊಂಡು ಓಡುತ್ತಲೇ ಇರುತ್ತದೆ. ಅಷ್ಟರಲ್ಲಿ ಯುಎಸ್‌ಬಿ ಡಾಂಗಲ್ (ಸಿಮ್ ಹಾಕಿ ನೆಟ್ ಪಡೆಯುವ ಕಡ್ಡಿ) ಸಂಪರ್ಕ ಕಳೆದುಕೊಂಡಿರುತ್ತದೆ, ಎಸ್‌ಡಿ ಕಾರ್ಡಿನಲ್ಲಿ ಫೈಲ್ ಕೆಟ್ಟಿರುತ್ತದೆ. ಹೊರಗಿನಿಂದ ನೋಡಿದವರು ‘ನೆಟ್ ಹೋಯ್ತು’ ಎಂದು ಸಿಮ್ ಬದಲಿಸಲು ಹೊರಡುತ್ತಾರೆ.

ಮಲೆನಾಡಿನಲ್ಲಿ ಇದಕ್ಕೆ ವಿಶೇಷ ಕಾರಣವೊಂದಿದೆ. ಶಿವಮೊಗ್ಗ ಪೇಟೆಯಲ್ಲಿ ಮೇಜಿನ ಮೇಲೆ ಸರಿಯಾಗಿ ಓಡಿದ ಪೈ, ಹೊಸನಗರದ ಕಡೆ ಕಣಿವೆಯೊಳಗಿನ ಅಡಿಕೆ ತೋಟದಲ್ಲಿ ಪದೇಪದೇ ಕೈಕೊಡಬಹುದು. ಟವರ್ ಸಿಗ್ನಲ್ ಕ್ಷೀಣವಾದಷ್ಟೂ 4ಜಿ ಡಾಂಗಲ್ ಜೋರಾಗಿ ಪ್ರಸಾರ ಮಾಡಬೇಕು, ಅದಕ್ಕೆ ತಕ್ಕಂತೆ ಕರೆಂಟನ್ನೂ ಹೆಚ್ಚು ಎಳೆಯುತ್ತದೆ.

ಆ ಹೆಚ್ಚುವರಿ ಕರೆಂಟಿಗೆ ಮೊದಲು ಸೋಲುವುದು ಕೇಬಲ್. ಅಗ್ಗದ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ 28 ಗೇಜಿನ ಸಪೂರ ತಂತಿ ಇರುತ್ತದೆ. ಒಂದು ಮೀಟರ್ ಕೇಬಲ್ಲಿಗೆ, ಹೋಗಿಬರುವ ಎರಡೂ ತಂತಿ ಸೇರಿ, ಸುಮಾರು 0.43 ಓಮ್ ರೋಧ. ಒಂದು ಆಂಪಿಯರ್ ಹರಿದರೆ ಅಡಾಪ್ಟರಿನ 5.1 ವೋಲ್ಟ್ ಬೋರ್ಡ್ ತಲುಪುವ ಹೊತ್ತಿಗೆ 4.67. ಡಾಂಗಲ್ ಇನ್ನೂ ಅರ್ಧ ಆಂಪಿಯರ್ ಎಳೆದ ಕ್ಷಣಕ್ಕೆ 4.46. ಅದೇ ಉದ್ದದ 20 ಗೇಜಿನ ದಪ್ಪ ಕೇಬಲ್ಲಿನಲ್ಲಿ 1.5 ಆಂಪಿಯರ್ ಹರಿದರೂ ನಷ್ಟ 0.1 ವೋಲ್ಟ್ ಅಷ್ಟೇ. ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕೂತರೆ ರೋಧ ಇನ್ನಷ್ಟು ಏರುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಚೆನ್ನಾಗಿದ್ದದ್ದು ಆಷಾಢದಲ್ಲಿ ಕೆಡುತ್ತದೆ.

ಮಲ್ಟಿಮೀಟರನ್ನು ಅಡಾಪ್ಟರಿನ ತುದಿಗೆ ಇಟ್ಟು ಅಳೆದರೆ ಏನೂ ಗೊತ್ತಾಗದು. ಬೋರ್ಡಿನ ಅಂಚಿನಲ್ಲಿರುವ ಜಿಪಿಐಒ ಪಿನ್ ಸಾಲಿನ 2 (5 ವೋಲ್ಟ್) ಮತ್ತು 6ನೇ (ಗ್ರೌಂಡ್) ಪಿನ್ನುಗಳ ನಡುವೆ, ಡಾಂಗಲ್ ಡೇಟಾ ಕಳಿಸುತ್ತಿರುವಾಗಲೇ ಅಳೆಯಬೇಕು. ಪ್ರೋಬ್ ಪಕ್ಕದ ಪಿನ್ನಿಗೆ ತಾಗದಂತೆ ಜೋಪಾನ. ಮಿಲಿಸೆಕೆಂಡುಗಳ ಕುಸಿತ ಮೀಟರಿಗೂ ಕಾಣುವುದಿಲ್ಲ. ಅದಕ್ಕೆ ಬೋರ್ಡನ್ನೇ ಕೇಳುವುದು ಒಳ್ಳೆಯದು. ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ (vcgencmd get_throttled) ಆದೇಶಕ್ಕೆ 0ಎಕ್ಸ್0 (0x0) ಎಂದು ಬಂದರೆ ಕ್ಷೇಮ. 0ಎಕ್ಸ್50005 ಬಂದರೆ ಈ ಗಳಿಗೆಯಲ್ಲೂ ವೋಲ್ಟೇಜ್ ಕಡಿಮೆಯಿದೆ. 0ಎಕ್ಸ್50000 ಬಂದರೆ ಬೂಟ್ ಆದಮೇಲೆ ಯಾವಾಗಲೋ ಕುಸಿದಿತ್ತು. ಈ ಗುರುತು ರೀಬೂಟ್ ಮಾಡಿದರೆ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಓದಿ, ಆಮೇಲೆ ರೀಬೂಟ್ ಮಾಡಿ. ಡಿಮೆಸೇಜ್ (dmesg) ಎಂಬ ಸಿಸ್ಟಮ್ ಲಾಗಿನಲ್ಲಿ ಅಂಡರ್‌ವೋಲ್ಟೇಜ್ ಸಾಲಿನ ಬೆನ್ನಿಗೇ ಯುಎಸ್‌ಬಿ ಡಿಸ್ಕನೆಕ್ಟ್ ಸಾಲು ಕಂಡರೆ ಸಿಮ್ಮಿನ ತಪ್ಪೇನಿಲ್ಲ.

ಪರಿಹಾರಕ್ಕೆ ಪೈ 4 ಆದರೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್, ಗಿಡ್ಡನೆಯ ದಪ್ಪ ಕೇಬಲ್. ಡಾಂಗಲ್ಲಿಗೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಕೊಟ್ಟರೆ ಬೋರ್ಡಿನ ಹೊರೆ ಇಳಿಯುತ್ತದೆ. ಹೊರಗಿನ ಆಂಟೆನಾ ಜೋಡಿಸಲು ಡಾಂಗಲ್ಲಿನಲ್ಲಿ ಸಾಕೆಟ್ ಇದ್ದರೆ ಅದನ್ನು ಬಿಡಬೇಡಿ. ಸಿಗ್ನಲ್ ಸುಧಾರಿಸಿದರೆ ಕರೆಂಟೂ ಉಳಿಯುತ್ತದೆ. ಸೋಲಾರ್ ಬ್ಯಾಟರಿಯಿಂದ ಓಡಿಸುವವರು ದೂರಕ್ಕೆ 5 ವೋಲ್ಟ್ ಎಳೆಯಬಾರದು. 12 ವೋಲ್ಟನ್ನೇ ತೋಟದವರೆಗೆ ಒಯ್ದು, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರನ್ನು ಬೋರ್ಡಿನ ಪಕ್ಕದಲ್ಲೇ ಕೂರಿಸಿ. ಬೋರ್ಡ್ ಜೋಡಿಸುವ ಮುಂಚೆಯೇ ಕನ್ವರ್ಟರಿನ ಔಟ್‌ಪುಟ್ಟನ್ನು 5.1 ವೋಲ್ಟಿಗೆ ತಿರುಗಿಸಿಡಿ, 5.25 ದಾಟಿಸಬೇಡಿ.