ಓಉ ಬೆಟ್ಟಸಾಲು: ಎರಡು ಗಾಳಿಗೆ ಒಂದೇ ಗೋಡೆ

ಜಪಾನಿನ ಓಉ ಬೆಟ್ಟಸಾಲಿನ ಪಾಠ ಶುರುವಾದ ಕೂಡಲೇ ವಿದ್ಯಾರ್ಥಿಗಳು ಎತ್ತರ ಎಷ್ಟು ಅಂತ ಕೇಳುತ್ತಾರೆ. ಅತಿ ಎತ್ತರದ ಇವಾಟೆ ಬೆಟ್ಟ 2,038 ಮೀಟರ್, ಅಷ್ಟೇ. ನಾನು ಅವರಿಗೆ ದಿಕ್ಕು ನೋಡಿ ಎನ್ನುತ್ತೇನೆ. ಹೊನ್ಶು ದ್ವೀಪದ ಉತ್ತರ ತುದಿಯ ಅಓಮೊರಿಯಿಂದ ದಕ್ಷಿಣದ ಫುಕುಶಿಮಾ ದಾಟುವವರೆಗೆ ಈ ಸಾಲು ಸುಮಾರು 500 ಕಿ.ಮೀ. ಉದ್ದಕ್ಕೆ ಚಾಚಿದೆ. ಜಪಾನಿನಲ್ಲಿ ಇದಕ್ಕಿಂತ ಉದ್ದದ ಸಾಲು ಇನ್ನೊಂದಿಲ್ಲ. ಎರಡೂ ಕಡೆ ಸಮುದ್ರ. ಹಾಗಾಗಿ ಗಾಳಿ ಯಾವ ಸಮುದ್ರದಿಂದ ಬಂದರೂ ಈ ಗೋಡೆಗೆ ಬಡಿಯಲೇಬೇಕು.

ಚಳಿಗಾಲದಲ್ಲಿ ಸೈಬೀರಿಯಾದ ಒಣಗಾಳಿ ಪಶ್ಚಿಮದ ಜಪಾನ್ ಸಮುದ್ರ ದಾಟಿ ಬರುತ್ತದೆ. ಅಲ್ಲಿ ಸುಶಿಮಾ ಎಂಬ ಸಮುದ್ರ ಪ್ರವಾಹದ ಬೆಚ್ಚನೆಯ ನೀರಿನಿಂದ ತೇವ ಹೀರಿಕೊಳ್ಳುತ್ತದೆ. ಬೆಟ್ಟ ಹತ್ತುವಾಗ ಅದೆಲ್ಲ ಹಿಮವಾಗಿ ಸುರಿಯುತ್ತದೆ. 2013ರ ಫೆಬ್ರವರಿಯಲ್ಲಿ ಹಕ್ಕೋಡ ಬೆಟ್ಟದ ಸುಕಾಯು ಎಂಬಲ್ಲಿ ನೆಲದ ಮೇಲೆ 566 ಸೆಂ.ಮೀ. ಹಿಮ ನಿಂತಿತ್ತು. ಅದೇ ಹೊತ್ತಿಗೆ ಪೂರ್ವದ ಸೆಂಡಾಯ್ ಕಡೆ ಹಿಮ ಕಡಿಮೆ, ಬಿಸಿಲು ಜಾಸ್ತಿ.

ಬೇಸಿಗೆಯಲ್ಲಿ ಕಷ್ಟ ಪೂರ್ವಕ್ಕೆ ಬರುತ್ತದೆ. ಈಶಾನ್ಯದ ಓಖೋಟ್ಸ್ಕ್ ಸಮುದ್ರದ ಕಡೆಯಿಂದ ಯಮಾಸೆ ಎಂಬ ತಣ್ಣನೆಯ, ಮಂಜು ತುಂಬಿದ ಗಾಳಿ ಬೀಸುತ್ತದೆ. ಅದು ನೆಲಕ್ಕೆ ಅಂಟಿಕೊಂಡು ಬರುವ ತೆಳುವಾದ ಪದರ. ಬೆಟ್ಟ ದಾಟುವ ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಪೂರ್ವದ ಗದ್ದೆಗಳ ಮೇಲೇ ಕೂತುಬಿಡುತ್ತದೆ. ಭತ್ತ ಹೊಡೆ ಕಟ್ಟುವಾಗ ಹೀಗೆ ಚಳಿ ಹಿಡಿದರೆ ಪರಾಗ ಕೆಡುತ್ತದೆ, ತೆನೆ ಜೊಳ್ಳಾಗುತ್ತದೆ. 1993ರ ತಣ್ಣನೆಯ ಬೇಸಿಗೆಯಲ್ಲಿ ಬೆಳೆ ಎಷ್ಟು ಕೆಟ್ಟಿತೆಂದರೆ ಜಪಾನ್ ಥಾಯ್ಲೆಂಡ್ ಮುಂತಾದ ಕಡೆಯಿಂದ ಅಕ್ಕಿ ತರಿಸಬೇಕಾಯಿತು.

ನಮ್ಮ ಸಹ್ಯಾದ್ರಿಯೂ ಗಾಳಿ ತಡೆಯುತ್ತದೆ. ಆದರೆ ಮುಂಗಾರಿನಲ್ಲಿ ಆಗುಂಬೆಗೆ ಹೆಚ್ಚು, ಚಿತ್ರದುರ್ಗಕ್ಕೆ ಕಡಿಮೆ ಎನ್ನುವ ಲೆಕ್ಕ ಪ್ರತಿ ವರ್ಷವೂ ಅದೇ. ಓಉನಲ್ಲಿ ಆರು ತಿಂಗಳಿಗೆ ಲೆಕ್ಕ ತಿರುಗಿಬೀಳುತ್ತದೆ. ನನಗೆ ಈ ಸಾಲು ಇಷ್ಟವಾಗುವುದೇ ಇದಕ್ಕೆ.

ಈ ಗೋಡೆಯ ಮೇಲೆ ಜ್ವಾಲಾಮುಖಿಗಳೂ ಸಾಲಾಗಿವೆ. ಪೂರ್ವದಲ್ಲಿ ಪೆಸಿಫಿಕ್ ಫಲಕ, ಅಂದರೆ ಆ ಸಾಗರದ ತಳದ ದೊಡ್ಡ ಭೂಚಿಪ್ಪು, ಹೊನ್ಶುವಿನ ಅಡಿಗೆ ಜಾರುತ್ತಿರುವುದೇ ಕಾರಣ. 1888ರಲ್ಲಿ ಬಂದಾಯ್ ಬೆಟ್ಟದ ಒಂದು ಮಗ್ಗುಲು ಕುಸಿದು ನದಿಗಳಿಗೆ ಅಡ್ಡಬಿತ್ತು. ಹಿಬಾರಾ ಸರೋವರ ಹುಟ್ಟಿದ್ದು ಹಾಗೆ.

ಹಿಮ ಅಂದರೆ ಪಶ್ಚಿಮದ ಅಕಿಟಾ, ಯಾಮಗಾಟಾದವರಿಗೆ ಬರೀ ಗೋಳು ಅಂದುಕೊಳ್ಳಬೇಡಿ. ಚಾವಣಿಯ ಹಿಮ ಕೆಡವುವುದು ಪ್ರಾಣಕ್ಕೇ ಅಪಾಯದ ಕೆಲಸ, ನಿಜ. ಆದರೆ ಅದೇ ಹಿಮ ವಸಂತದಲ್ಲಿ ಕರಗಿ ನಾಟಿಯ ಹೊತ್ತಿಗೆ ಗದ್ದೆಗೆ ನೀರಾಗುತ್ತದೆ. ಆಮೇಲೆ ಯಮಾಸೆಯನ್ನು ಬೆಟ್ಟ ಆಚೆಗೇ ತಡೆಯುವುದರಿಂದ ಇವರ ಪೈರಿಗೆ ಬಿಸಿಲೂ ಚೆನ್ನಾಗಿ ಸಿಗುತ್ತದೆ.