ಕಾಲ್ ಮುಗಿದ ಮೇಲೆ: ಅಗ್ನಿಶಾಮಕರ ಮನಸ್ಸಿಗೂ ಒಂದು ಬಳ್ಳಾರಿ ಮಾದರಿ ಬೇಕು

2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಜಲಾಶಯದಿಂದ ನೀರು ಬಿಟ್ಟಿದ್ದರಿಂದ ಕೊಪ್ಪಳ ಜಿಲ್ಲೆಯ ವಿರುಪಾಪುರಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೋದ ದೋಣಿಯೇ ಮಗುಚಿತು. ರಕ್ಷಣೆಗೆ ಹೋದವರೇ ಸೆಳವಿಗೆ ಸಿಕ್ಕಿ ಕೊಚ್ಚಿಹೋದರು. ಪುಣ್ಯಕ್ಕೆ ಅವರೆಲ್ಲ ಬದುಕಿ ಬಂದರು. ಟೀವಿಯಲ್ಲಿ ಸುದ್ದಿ ಅಲ್ಲಿಗೆ ಮುಗಿಯಿತು.

ಆದರೆ ಹಾಗೆ ಪಾರಾಗಿ ಬಂದ ಮನುಷ್ಯ ಮುಂದಿನ ಮಳೆಗಾಲಕ್ಕೆ ಮತ್ತೆ ಅಂಥದ್ದೇ ಹೊಳೆಗೆ ದೋಣಿ ಇಳಿಸಬೇಕು, ಅಲ್ವಾ? ಆಗ ಅವನ ಎದೆಯಲ್ಲಿ ಏನಾಗುತ್ತದೆ ಅಂತ ಕೇಳುವವರು ಯಾರು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಜಾಸ್ತಿ ಹಿನ್ನೆಲೆ ಇದೆ. ಅದರಲ್ಲಿ ಬಳ್ಳಾರಿಯ ಹೆಸರೂ ಬರುತ್ತದೆ.

ಮೊದಲು ಕೆಲಸ ಎಂಥದ್ದು ನೋಡೋಣ. ಬಳ್ಳಾರಿ, ರಾಯಚೂರು, ಕೊಪ್ಪಳದ ಫೈರ್ ಸ್ಟೇಷನ್‌ಗಳಿಗೆ ಬೇಸಿಗೆಯಲ್ಲಿ ಹುಲ್ಲಿನ ಬಣವೆ, ಗುಡಿಸಲು, ಜಿನ್ನಿಂಗ್ ಮಿಲ್ಲಿನ ಹತ್ತಿಗೆ ಬೆಂಕಿ ಬಿದ್ದ ಕಾಲ್‌ಗಳು ಬರುತ್ತವೆ. ಜೊತೆಗೆ ಬಾವಿ, ಕೆರೆ, ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳದಿಂದ ರಾಯಚೂರಿನ ಕಡೆಗೆ ಹರಿಯುತ್ತದೆ. ಯಾರಾದರೂ ಅದರಲ್ಲಿ ಬಿದ್ದರೆ ಹುಡುಕಲು ಇಳಿಯುವವರು ಇವರೇ. ಪಾತಾಳಗರಡಿ ಬಿಟ್ಟು ತಳ ಜಾಲಾಡುತ್ತಾರೆ. ಎರಡು ದಿನ ನೀರಲ್ಲಿದ್ದ ದೇಹ ಊದಿರುತ್ತದೆ, ಹಿಡಿದರೆ ಚರ್ಮ ಕೈಗೆ ಬರುತ್ತದೆ. ದಂಡೆಯ ಮೇಲೆ ತಾಯಿಯೋ ಹೆಂಡತಿಯೋ ನಿಂತಿರುತ್ತಾಳೆ. ಹೆಣ ಮೇಲೆ ಬಂದ ಕ್ಷಣ ಏಳುವ ಅಳುವಿನ ನಡುವೆಯೇ ಹಗ್ಗ ಸುತ್ತಿಟ್ಟು ವಾಹನ ಹತ್ತಬೇಕು. ಕೈ ಎಷ್ಟು ತೊಳೆದರೂ ವಾಸನೆ ಹೋಗಲ್ಲ. ಊಟಕ್ಕೆ ಕೂತರೆ ತುತ್ತು ಇಳಿಯಲ್ಲ. ಅಷ್ಟರಲ್ಲಿ ಇನ್ನೊಂದು ಕಾಲ್. 2008ರಲ್ಲಿ ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸ್‌ನ ಇಎಂಟಿ (ತುರ್ತು ಚಿಕಿತ್ಸೆ ಕೊಡುವವರು), ಪೈಲಟ್‌ (ಚಾಲಕರು)ಗಳ ಪಾಡೂ ಇಷ್ಟೇ.

ಇಂಥ ದೃಶ್ಯ ನಿದ್ದೆಯಲ್ಲಿ ಕಾಡತೊಡಗಿದರೆ ಮನೆಯಲ್ಲಿ ಹಿರಿಯರು ಹೇಳುವ ಮಾತು ಗೊತ್ತೇ ಇದೆ: ‘ಅಂಜಿಕಿ ಆಗೇತಿ, ತಾಯಿತ ಕಟ್ಟಿಸ್ರಿ.’ ಜೊತೆಯವರು ‘ಏ ತಮ್ಮಾ, ಗಟ್ಟಿ ಇರಬೇಕು, ಇದೆಲ್ಲ ಮಾಮೂಲಿ’ ಅಂತ ಬೆನ್ನು ತಟ್ಟುತ್ತಾರೆ. ತಾಯಿತ ಕಟ್ಟಿಸುವವರನ್ನು ನಾನು ಬೈಯಲ್ಲ. ಏನೋ ಆಗಿದೆ ಅಂತ ಅವರಾದರೂ ಒಪ್ಪುತ್ತಾರೆ. ಮಾಮೂಲಿ ಅನ್ನುವವರು ಅದನ್ನೂ ಒಪ್ಪುವುದಿಲ್ಲ. ಆಮೇಲೆ ಕುಡಿತ ಶುರುವಾದಾಗ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ.

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದ ಎಲ್ಲ ಫೈರ್ ಸ್ಟೇಷನ್‌ಗಳಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. 1944ರಲ್ಲಿ ಅದೇ ದಿನ ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೈನ್ ಎಂಬ ಹಡಗು ಸಿಡಿಯಿತು. ಹತ್ತಿಯ ಬೇಲುಗಳ ಜೊತೆಗೇ ಸಿಡಿಮದ್ದನ್ನೂ ತುಂಬಿದ್ದ ಹಡಗು ಅದು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಸತ್ತರು. ಅವರನ್ನು ನೆನೆಯುವುದು ನ್ಯಾಯ. ಆದರೆ ಅವತ್ತು ಆ ಡಾಕ್‌ನಿಂದ ಬದುಕಿ ಬಂದವರೂ ಇದ್ದರು. ಜೊತೆಗಾರರ ಚೂರುಗಳನ್ನು ಕಂಡು ಬಂದವರು. ಅಂಥವರ ಮನಸ್ಸಿನ ವಿಚಾರ ಕೇಳಬೇಕು ಅನ್ನುವ ಯೋಚನೆ ಆ ಕಾಲಕ್ಕೆ ಎಲ್ಲೂ ಬೇರೂರಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ನಡುಗುವ, ಮಾತು ನಿಂತುಹೋದ ಸೈನಿಕರನ್ನು ಕಂಡು ವೈದ್ಯರು ‘ಶೆಲ್ ಶಾಕ್’ ಅಂದರು. ಅವರಲ್ಲಿ ಎಷ್ಟೋ ಜನಕ್ಕೆ ಹೇಡಿ ಅನ್ನುವ ಪಟ್ಟವೂ ಸಿಕ್ಕಿತು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಮನಸ್ಸನ್ನು ಕಾಡುವ ಕಾಯಿಲೆಯನ್ನು ಸೇರಿಸಿದರು. ಕಂಡದ್ದು ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಆ ಜಾಗದ ಹತ್ತಿರ ಸುಳಿಯಲು ಆಗದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಅದರ ಲಕ್ಷಣಗಳು.

1983ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರಿ ಕಾಳ್ಗಿಚ್ಚು ಹಬ್ಬಿತು. ಮನೋವೈದ್ಯ ಅಲೆಕ್ಸಾಂಡರ್ ಮೆಕ್‌ಫಾರ್ಲೇನ್ ಅದನ್ನು ಆರಿಸಿದ ನೂರಾರು ಸ್ವಯಂಸೇವಕರ ಸ್ಥಿತಿಯನ್ನು ವರ್ಷಗಟ್ಟಲೆ ಗಮನಿಸಿದರು. ಕೆಲವರಿಗೆ ಬೆಂಕಿ ಆರಿದ ಕೂಡಲೇ ಏನೂ ಆಗಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ತೊಂದರೆ ಕಾಣಿಸಿಕೊಂಡಿತು. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ‘ಆಗಲೇ ಚೆನ್ನಾಗಿದ್ದನಲ್ಲ, ಈಗೇನು ಹೊಸದಾಗಿ?’ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿದೆ.

ಅದೇ 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಒಂದು ವಿಧಾನವನ್ನು ಪ್ರಕಟಿಸಿದರು. ಅವರೂ ಹಿಂದೆ ಬೆಂಕಿ, ಆಂಬುಲೆನ್ಸ್ ಕೆಲಸ ಮಾಡಿದವರು. ದೊಡ್ಡ ಘಟನೆ ಆದ ಎರಡು-ಮೂರು ದಿನದೊಳಗೆ ತಂಡವನ್ನೆಲ್ಲ ಕೂರಿಸಿ, ಏನು ಕಂಡಿರಿ, ಏನು ಅನಿಸಿತು ಅಂತ ಒಬ್ಬೊಬ್ಬರಿಂದ ಹೇಳಿಸುವುದು. ಇದಕ್ಕೆ ಡಿಬ್ರೀಫಿಂಗ್ ಅಂತಾರೆ. ವಿಧಾನ ಬೇಗ ಹಬ್ಬಿತು. ಆದರೆ ಸುಟ್ಟಗಾಯದ ರೋಗಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪರೀಕ್ಷೆ ಬೇರೆಯೇ ಹೇಳಿತು. 13 ತಿಂಗಳ ನಂತರ ನೋಡಿದಾಗ, ಡಿಬ್ರೀಫಿಂಗ್ ಪಡೆದವರಲ್ಲಿ ಶೇ 26 ಮಂದಿಗೆ ಪಿಟಿಎಸ್‌ಡಿ ಇತ್ತು. ಪಡೆಯದವರಲ್ಲಿ ಶೇ 9. ಅವರು ರೋಗಿಗಳೇ ಹೊರತು ಅಗ್ನಿಶಾಮಕರಲ್ಲ, ನಿಜ. ಆದರೂ ಒಂದೇ ಸಲ ಕೂರಿಸಿ ಎಲ್ಲವನ್ನೂ ಬಗೆದು ಕಳಿಸಿದರೆ ಸಾಕು ಅನ್ನುವ ನಂಬಿಕೆ ಅಲ್ಲಿಗೆ ಅಲುಗಾಡಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿ ಸರಳವಾಗಿದೆ: ಗಮನಿಸು, ಕೇಳಿಸಿಕೋ, ಬೇಕಾದ ನೆರವಿಗೆ ಜೋಡಿಸು. ಹೇಳಲು ಮನಸ್ಸಿಲ್ಲದವರನ್ನು ಹೇಳು ಅಂತ ಒತ್ತಾಯಿಸುವಂತಿಲ್ಲ.

2001ರಲ್ಲಿ ನ್ಯೂಯಾರ್ಕ್‌ನ ಅವಳಿ ಗೋಪುರ ಕುಸಿದು 343 ಅಗ್ನಿಶಾಮಕರು ಸತ್ತಾಗ, ಉಳಿದವರಿಗೆ ಆಸರೆ ಕೊಡುವ ಕೆಲಸದಲ್ಲಿ ತಜ್ಞರ ಜೊತೆ ಇಲಾಖೆಯವರೇ ಕೈಜೋಡಿಸಿದರು. ಹೋಸ್ ಹಿಡಿದವನ ಮಾತು ಹೋಸ್ ಹಿಡಿದವನಿಗೇ ಬೇಗ ಅರ್ಥವಾಗುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಆ ಕೈಪಿಡಿಯೂ ಬದಲಾಯಿತು. ಕೆಲಸದ ಭಾಗವಾಗಿ ಇಂಥದ್ದಕ್ಕೆ ಪದೇ ಪದೇ ಒಡ್ಡಿಕೊಳ್ಳುವುದೂ ಪಿಟಿಎಸ್‌ಡಿಗೆ ಕಾರಣ ಆಗಬಹುದು ಅಂತ ಬರೆದು, ದೇಹದ ಅವಶೇಷಗಳನ್ನು ಎತ್ತುವವರ ಉದಾಹರಣೆಯನ್ನೇ ಕೊಟ್ಟರು. ಎಡದಂಡೆ ಕಾಲುವೆಯಲ್ಲಿ ಪಾತಾಳಗರಡಿ ಹಿಡಿದವರ ವಿಷಯವೇ ಅದು.

ನಮ್ಮಲ್ಲಿ ಕೊಳವೆಬಾವಿ ದುರಂತಗಳು ಇನ್ನೊಂದು ಬಗೆಯ ಭಾರ ಹೊರಿಸಿವೆ. 2007ರಲ್ಲಿ ರಾಯಚೂರು ಜಿಲ್ಲೆಯ ನೀರಮಾನ್ವಿಯಲ್ಲಿ ಬಾಲಕನೊಬ್ಬ ಬಿದ್ದ, ಉಳಿಯಲಿಲ್ಲ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲೂ ಮಕ್ಕಳು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗು ಜೀವಂತವಾಗಿ ಸಿಕ್ಕಿತು. ಊರೆಲ್ಲ ಕುಣಿದಾಡಿತು. ಮಗು ಉಳಿಯದ ಕಡೆಗಳಲ್ಲೂ ದುಡಿಮೆ ಅಷ್ಟೇ ಇತ್ತು. ಪಕ್ಕದಲ್ಲಿ ಗುಂಡಿ ತೋಡಬೇಕು, ಬಂಡೆ ಬಂದರೆ ನಿಧಾನಕ್ಕೆ ಒಡೆಯಬೇಕು, ಜೋರು ಮಾಡಿದರೆ ಮಣ್ಣು ಕುಸಿಯುತ್ತದೆ. ಮೇಲೆ ಸಾವಿರಾರು ಜನ, ಕ್ಯಾಮೆರಾ. ಕೊನೆಗೆ ಕೈಗೆ ಹೆಣ ಬಂದಾಗ ‘ಒಂದು ತಾಸು ಮೊದಲು ಬಂದಿದ್ದರೆ’ ಅನ್ನುವ ಲೆಕ್ಕ ತಲೆಯಲ್ಲಿ ಶುರುವಾಗುತ್ತದೆ. ಆ ಲೆಕ್ಕಕ್ಕೆ ಕೊನೆ ಇಲ್ಲ. ಮನೆಯಲ್ಲಿ ಅದೇ ವಯಸ್ಸಿನ ಮಗ ಇದ್ದರಂತೂ ಕೇಳಲೇಬೇಡಿ.

ಇನ್ನು ಬಳ್ಳಾರಿಗೆ ಬರೋಣ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು, ಅವರೂ ದೊಡ್ಡ ಊರುಗಳಲ್ಲಿ. ಹಳ್ಳಿಗಳಿಗೆ ಚಿಕಿತ್ಸೆ ಮುಟ್ಟಿಸುವುದು ಹೇಗೆ? ಬೆಂಗಳೂರಿನ ನಿಮ್ಹಾನ್ಸ್ 1985ರ ಹೊತ್ತಿಗೆ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು ಒಂದು ಪ್ರಯೋಗ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆ, ಮೂರ್ಛೆರೋಗ ಗುರುತಿಸುವುದನ್ನು ಕಲಿಸಿದರು. ಮಾತ್ರೆ ಊರ ಹತ್ತಿರವೇ ಸಿಗುವಂತಾಯಿತು. ಚಿಕಿತ್ಸೆ ನಡುವೆಯೇ ಬಿಟ್ಟವರನ್ನು ಕಾರ್ಯಕರ್ತರೇ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಇದೇ ಮುಂದೆ ‘ಬಳ್ಳಾರಿ ಮಾದರಿ’ ಅಂತ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಇದನ್ನೇ ಆಧಾರ ಮಾಡಿಕೊಂಡಿತು. ಬಳ್ಳಾರಿ ಅಂದರೆ ಗಣಿ, ಧೂಳು ಅಂತ ಮಾತ್ರ ಹೇಳುವವರಿಗೆ ಈ ವಿಷಯ ಗೊತ್ತಿರಲಿ ಅಂತ ನನ್ನ ಆಸೆ.

ಅಗ್ನಿಶಾಮಕರಿಗೆ ಬೇಕಿರುವುದೂ ಇದೇ ದಾರಿ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ವರ್ಷಕ್ಕೊಂದು ಉಪನ್ಯಾಸ ಇಟ್ಟು, ಸುಮ್ನೆ ಫೋಟೊ ತೆಗೆಸಿಕೊಂಡರೆ ಪ್ರಯೋಜನ ಇಲ್ಲ. ಠಾಣೆಯಲ್ಲಿ ಎಲ್ಲರೂ ನಂಬುವ ಒಬ್ಬಿಬ್ಬರನ್ನು ಆರಿಸಿ, ನಿದ್ದೆಗೆಟ್ಟವನನ್ನು, ಮೌನವಾದವನನ್ನು, ಕುಡಿತಕ್ಕೆ ಬಿದ್ದವನನ್ನು ಗುರುತಿಸಲು ಕಲಿಸಬೇಕು. ಮಗುವಿನ ಹೆಣ ಎತ್ತಿದ ತಂಡಕ್ಕೆ ಅವತ್ತಾದರೂ ಬಿಡುವು ಕೊಟ್ಟು, ಬದಲಿ ತಂಡ ಕಳಿಸಬೇಕು. ಇದಕ್ಕೆ ಜನ ಬೇಕು, ಅಂದರೆ ಖಾಲಿ ಹುದ್ದೆ ತುಂಬುವುದೂ ಮಾನಸಿಕ ಆರೋಗ್ಯದ ಕೆಲಸವೇ. ತಿಂಗಳಾದ ಮೇಲೆ, ಆರು ತಿಂಗಳಾದ ಮೇಲೆ ಮತ್ತೆ ವಿಚಾರಿಸಬೇಕು. ಕ್ವಾರ್ಟರ್ಸ್‌ನಲ್ಲಿರುವ ಹೆಂಡತಿಯರನ್ನೂ ಮಾತಾಡಿಸಬೇಕು. ರಾತ್ರಿ ಚೀರಿ ಎದ್ದದ್ದು ಮೊದಲು ಗೊತ್ತಾಗುವುದು ಅವರಿಗೇ.

ಪಿಟಿಎಸ್‌ಡಿಗೆ ಚಿಕಿತ್ಸೆ ಇದೆ. ಕಾಡುವ ನೆನಪನ್ನು ಹಂತ ಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಯಿಂದ ಎಷ್ಟೋ ಜನ ಸುಧಾರಿಸುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡವನ್ನು ಕಾಣಬಹುದು. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆದರೆ ‘ಹುಚ್ಚು ಅಂತ ಬರೆದರೆ ಪ್ರಮೋಷನ್ ಹೋಗುತ್ತೆ’ ಅನ್ನುವ ಹೆದರಿಕೆ ಇರುವ ತನಕ ಯಾರೂ ಆ ನಂಬರ್ ಒತ್ತಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು, ಅದು ರೋಗಿಯ ಹಕ್ಕು. ಠಾಣೆಯ ಅಧಿಕಾರಿ ಇದನ್ನು ಬೆಳಗಿನ ಕವಾಯತಿನ ಹೊತ್ತಿಗೆ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಜೊತೆಗೆ, ತಾನೂ ಒಂದು ಕಾಲ್ ಆದ ಮೇಲೆ ನಿದ್ದೆ ಬಾರದೆ ಒದ್ದಾಡಿದ್ದರೆ ಅದನ್ನೂ ಹೇಳಬೇಕು.