ಬಿಲ್ ಕಳಿಸುವ ಬಾಗಿಲಿನಿಂದ ಬಿಲ್ಲಿಂಗ್ ಕೌಂಟರ್ ತನಕ

2013ರ ನವೆಂಬರ್ ಕೊನೆ. ಅಮೆರಿಕದಲ್ಲಿ ಹಬ್ಬದ ಖರೀದಿಯ ಭರಾಟೆ. ಟಾರ್ಗೆಟ್ ಎಂಬ ದೊಡ್ಡ ಕಂಪನಿಯ ಮಳಿಗೆಗಳಲ್ಲಿ ಜನ ಕಾರ್ಡ್ ಉಜ್ಜುತ್ತಿದ್ದರು. ಆ ಕಾರ್ಡುಗಳ ವಿವರ ಹಾಗೆಯೇ ಕಳ್ಳರ ಕೈಗೂ ಹೋಗುತ್ತಿತ್ತು. ಮೂರು ವಾರ ತುಂಬುವುದರೊಳಗೆ ಸುಮಾರು 4 ಕೋಟಿ ಕಾರ್ಡುಗಳು!

ಕಳ್ಳರು ಒಳಗೆ ಬಂದದ್ದು ಫ್ರಿಜ್, ಎಸಿ ಕೆಲಸದ ಗುತ್ತಿಗೆದಾರರೊಬ್ಬರ ಪಾಸ್‌ವರ್ಡ್ ಕದ್ದು. 'ಎಸಿ ಮೂಲಕ ಹ್ಯಾಕ್' ಎಂದು ಈ ಕಥೆಗೆ ಮಸಾಲೆ ಹಾಕುವವರಿದ್ದಾರೆ. ಆದರೆ ಗುತ್ತಿಗೆದಾರರೇ ಹೇಳಿದಂತೆ ಅವರಿಗೆ ಸಂಪರ್ಕ ಕೊಟ್ಟಿದ್ದು ಬಿಲ್, ಕರಾರುಪತ್ರ ಕಳಿಸುವುದಕ್ಕೆ ಮತ್ತು ಕೆಲಸದ ನಿರ್ವಹಣೆಗೆ, ಅಷ್ಟೇ. ಬಿಲ್ ಕಳಿಸುವವನಿಗೂ ಗಲ್ಲಾಪೆಟ್ಟಿಗೆಗೂ ಏನು ಸಂಬಂಧ? ಇರಬಾರದಿತ್ತು. ಹೊರಬಾಗಿಲಿಗೆ ಬೀಗ ಇತ್ತು. ಒಳಗಿನ ಕೋಣೆಗಳ ನಡುವೆ ದಾಟಲಾಗದಂಥ ಗೋಡೆ ಇರಲಿಲ್ಲ.

ಹೀಗೆ ಗೋಡೆ ಕಟ್ಟಲು ಬೇರೆ ಬೇರೆ ಕೇಬಲ್ ಎಳೆಯಬೇಕಿಲ್ಲ. ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಯಾದ ಒಂದೇ ಸ್ವಿಚ್‌ನಲ್ಲಿ ವಿ-ಲ್ಯಾನ್, ಅಂದರೆ ಒಂದೇ ಜಾಲದೊಳಗೆ ಬೇರೆ ಬೇರೆ ಗುಂಪು, ಮಾಡಿದರೆ ಸಾಕು. ಒಂದೇ ತಂತಿಯಲ್ಲಿ ಹಲವು ಗುಂಪುಗಳ ಡೇಟಾ ಹೋಗುವಾಗ ಪ್ರತಿ ತುಣುಕಿಗೂ ಸ್ವಿಚ್ ಒಂದು ನಂಬರ್ ಚೀಟಿ ಅಂಟಿಸುತ್ತದೆ. ಚೀಟಿಯಲ್ಲಿ ನಂಬರಿಗೆ 12 ಬಿಟ್ ಜಾಗ. ಹಾಗಾಗಿ 4,094 ಗುಂಪುಗಳ ತನಕ ಮಾಡಬಹುದು. ಕಾರ್ಡ್ ಯಂತ್ರಗಳಿಗೆ ಒಂದು ನಂಬರ್, ಆಫೀಸಿನ ಕಂಪ್ಯೂಟರ್‌ಗಳಿಗೆ ಇನ್ನೊಂದು, ಸಿಸಿಟಿವಿಗೆ, ಅತಿಥಿಗಳ ವೈಫೈಗೆ ಮತ್ತೊಂದು.

ಆದರೆ ಸುಮ್ನೆ ಚೀಟಿ ಅಂಟಿಸಿದರೆ ಆಗುವುದಿಲ್ಲ. ಗುಂಪಿನಿಂದ ಗುಂಪಿಗೆ ದಾಟುವ ಕಡೆ ಡೇಟಾ ತಡೆದು ನೋಡುವ ಕಾವಲುಗಾರ, ಅಂದರೆ ಫೈರ್‌ವಾಲ್ ಬೇಕು. ಅದಕ್ಕೆ ಒಂದೇ ಮಾತು ಹೇಳಿಕೊಡಬೇಕು: ಪಟ್ಟಿಯಲ್ಲಿ ಇಲ್ಲದ್ದು ಯಾವುದೂ ದಾಟಕೂಡದು. ಕಾರ್ಡ್ ಯಂತ್ರಕ್ಕೆ ಪಾವತಿ ಸರ್ವರ್ ಜತೆ ಮಾತಿದೆ, ಪ್ರಿಂಟರ್ ಜತೆ ಇಲ್ಲ. ಈ ಪಟ್ಟಿ ಬರೆಯುವುದೇ ತಲೆನೋವು. ಯಾವ ಸೇವೆ ಯಾವುದರ ಜತೆ ಮಾತಾಡುತ್ತದೆ ಅಂತ ಕಂಪನಿಯಲ್ಲಿ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಆಮೇಲೆ ಏನೋ ಒಂದು ಕೆಲಸ ನಿಲ್ಲುತ್ತದೆ, ಬಾಸ್ ಫೋನ್ ಮಾಡುತ್ತಾರೆ, 'ಎಲ್ಲದಕ್ಕೂ ಬಿಡು' ಎಂಬ ರೂಲ್ ಬೀಳುತ್ತದೆ. ಅಲ್ಲಿಗೆ ಗೋಡೆ ಹೋಯಿತು, ಅಲ್ವಾ?

ಯಂತ್ರಗಳಷ್ಟೇ ಅಲ್ಲ, ಲಾಗಿನ್‌ಗಳನ್ನೂ ಬೇರೆ ಮಾಡಬೇಕು. ಇಮೇಲ್ ಓದುವ ಕಂಪ್ಯೂಟರ್‌ನಲ್ಲೇ ಅಡ್ಮಿನ್ (ಇಡೀ ಜಾಲ ನೋಡಿಕೊಳ್ಳುವವರು) ಲಾಗಿನ್ ಆದರೆ ಅವರ ಗುರುತಿನ ವಿವರ ಅದರ ಮೆಮೊರಿಯಲ್ಲಿ ಉಳಿಯಬಹುದು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹಾರಲು ಬಳಸಿದ ದಾರಿಗಳಲ್ಲಿ ಹೀಗೆ ಉಳಿದ ವಿವರ ಕದಿಯುವುದೂ ಒಂದು. ಉಕ್ರೇನಿನ ಒಂದು ಲೆಕ್ಕದ ಸಾಫ್ಟ್‌ವೇರಿನ ಅಪ್‌ಡೇಟ್‌ನಲ್ಲಿ ಸೇರಿಕೊಂಡು ಬಂದ ಅದು ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ಅನ್ನು ಮಲಗಿಸಿತು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲೂ ಅವರ ಟರ್ಮಿನಲ್‌ನ ಕೆಲಸ ನಿಂತಿತು.

ಯಾರು ಯಾವ ಬಾಗಿಲು ತೆಗೆಯಬಹುದು ಎಂಬ ಲೆಕ್ಕ ಇಡುವ ಸರ್ವರ್‌ಗಳು ಮೇರ್ಸ್ಕ್‌ನಲ್ಲಿ ನೂರಕ್ಕೂ ಜಾಸ್ತಿ ಇದ್ದವು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎಲ್ಲವೂ ಒಂದಕ್ಕೊಂದು ನಕಲು. ಎಲ್ಲವೂ ಒಟ್ಟಿಗೆ ಅಳಿಸಿಹೋದವು, ಒಂದನ್ನು ಬಿಟ್ಟು. ಅದು ಘಾನಾದಲ್ಲಿತ್ತು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಅದರಲ್ಲಿದ್ದ ಮಾಹಿತಿ ಹಾರ್ಡ್ ಡಿಸ್ಕ್‌ನಲ್ಲಿ, ನೈಜೀರಿಯಾದಲ್ಲಿ ಕೈ ಬದಲಿಸಿ, ವಿಮಾನದಲ್ಲಿ, ದುರಸ್ತಿ ಕೆಲಸ ನಡೆಯುತ್ತಿದ್ದ ಇಂಗ್ಲೆಂಡ್ ಸೇರಿತು.